ಬಾಗಿಲು ಹಾಕೋ ಹೊತ್ತು: ಅಂಗಡಿ ಕೆಲಸಗಾರರ ಕಾಯ್ದೆ ಹುಟ್ಟಿದ ಕಥೆ

ಇವತ್ತು ಒಂದು ಕಾಯ್ದೆಯ ಕಥೆ. ಕಾಯ್ದೆ ಅಂದ ತಕ್ಷಣ ಸ್ಕಿಪ್ ಬಟನ್ ಒತ್ಬೇಡಿ. ನಿಮ್ಮಲ್ಲಿ ಎಷ್ಟೋ ಜನ ಇದನ್ನ ಕೇಳ್ತಿರೋದೇ ಮೊಬೈಲ್ ಅಂಗಡಿಯ ಕೌಂಟರ್ ಹಿಂದೆ ನಿಂತ್ಕೊಂಡು, ಇಲ್ಲಾ ಬಟ್ಟೆ ಅಂಗಡಿ ಬಾಗಿಲು ಹಾಕಿದ ಮೇಲೆ ಕೊನೇ ಬಸ್ಸಿಗೆ ಕಾಯ್ತಾ. ನೀವು ಬೆಳಿಗ್ಗೆ ಎಷ್ಟೊತ್ತಿಗೆ ಬಂದ್ರಿ, ರಾತ್ರಿ ಎಷ್ಟೊತ್ತಿಗೆ ಹೊರಟ್ರಿ ಅನ್ನೋದರ ಬಗ್ಗೆ ಸರ್ಕಾರ 60 ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದೆ. ಆ ಕಾಯ್ದೆಯ ನೋಂದಣಿ ಪ್ರಮಾಣಪತ್ರ ನಿಮ್ಮ ಅಂಗಡಿಯಲ್ಲೇ, ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಯಲ್ಲಿ, ಲಕ್ಷ್ಮಿ ಫೋಟೋ ಪಕ್ಕ ಫ್ರೇಮ್ ಹಾಕಿಸಿಕೊಂಡು ನೇತಾಡ್ತಿರಬಹುದು. ಹೆಸರು: ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961.

ಈ ಕಥೆಯನ್ನ ಸಾಮಾನ್ಯವಾಗಿ ಬೆಂಗಳೂರಿಂದ ಶುರು ಮಾಡ್ತಾರೆ, ಐಟಿ ಕಂಪನಿಗಳ ಗಾಜಿನ ಕಟ್ಟಡಗಳಿಂದ. ನಾನು ದಂಡಿಗನಹಳ್ಳಿ ಕಡೆಯಿಂದ ಹೇಳ್ತೀನಿ. ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹೋಬಳಿ ಅದು. ಇಂಥ ಹೋಬಳಿಗಳಲ್ಲಿ ಪಿಯುಸಿ, ಡಿಗ್ರಿ ಮುಗಿಸಿದವರು ಚನ್ನರಾಯಪಟ್ಟಣದ, ಹಾಸನದ, ಹೊಳೆನರಸೀಪುರದ ಅಂಗಡಿಗಳಿಗೆ ಕೆಲಸಕ್ಕೆ ಸೇರೋದು, ಇಲ್ಲಾ ಸೀದಾ ಬೆಂಗಳೂರು ಬಸ್ ಹತ್ತೋದು ಹೊಸ ವಿಷಯ ಏನಲ್ಲ. ಅವರ ಕಡೆಯಿಂದ ನೋಡಿದರೆ ಈ ಕಾಯ್ದೆಯ ಇತಿಹಾಸದಲ್ಲಿ ಒಂದೇ ಒಂದು ಪ್ರಶ್ನೆ ಮತ್ತೆ ಮತ್ತೆ ಎದ್ದು ಬರುತ್ತೆ. ಕಾನೂನು ಲೆಕ್ಕ ಹಾಕ್ತಿರೋದು ಅಂಗಡಿಯ ಗಂಟೆಗಳನ್ನೋ, ಅಂಗಡೀಲಿ ನಿಂತಿರೋ ಮನುಷ್ಯನ ಗಂಟೆಗಳನ್ನೋ?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಲ್ಲ. ಬಸವನ ವಾರ ಅಂತ. ನಿಮ್ಮ ಅಜ್ಜ ಅಜ್ಜಿಯನ್ನ ಕೇಳಿ ನೋಡಿ. ಅಂದ್ರೆ ಎತ್ತಿಗೆ ವಾರದ ರಜೆ ಇತ್ತು, ಅದನ್ನ ಮುರಿದರೆ ಊರೇ ಬೈಯ್ತಿತ್ತು. ಅದೇ ಕಾಲದಲ್ಲಿ ಪೇಟೆ ಬೀದಿಯ ದಿನಸಿ ಅಂಗಡೀಲಿ ಪೊಟ್ಟಣ ಕಟ್ಟೋ ಹುಡುಗನಿಗೆ ಅಂಥಾ ದಿನ ಇರಲಿಲ್ಲ. ಅವನು ಎಷ್ಟೋ ಕಡೆ ಸಾಹುಕಾರರ ಮನೆಯಲ್ಲೇ ಊಟ, ಅಂಗಡಿಯಲ್ಲೇ ನಿದ್ದೆ. ಬೆಳಿಗ್ಗೆ ಬೋಣಿಗೆ ಮುಂಚೆ ಕಸ ಗುಡಿಸಿ ನೀರು ಹಾಕಬೇಕು, ರಾತ್ರಿ ಲೆಕ್ಕ ಮುಗಿಯೋವರೆಗೂ ಇರಬೇಕು. ಅವನನ್ನ ‘ಕಾರ್ಮಿಕ’ ಅಂತ ಯಾರೂ ಕರೀತಿರಲಿಲ್ಲ. ‘ನಮ್ಮ ಹುಡುಗ’ ಅಂತಿದ್ರು. ಕೇಳೋಕೆ ಪ್ರೀತಿಯಾಗಿದೆ, ಆದರೆ ‘ನಮ್ಮ ಹುಡುಗ’ನಿಗೆ ಓವರ್‌ಟೈಮ್ ಇರಲ್ಲ.

ಕಾರ್ಖಾನೆಗೆ ಕಾನೂನು ಬೇಗ ಬಂತು. 1881ರಲ್ಲೇ ಬ್ರಿಟಿಷ್ ಇಂಡಿಯಾದ ಮೊದಲ ಫ್ಯಾಕ್ಟರಿ ಕಾಯ್ದೆ ಬಂತು, 7ರಿಂದ 12 ವರ್ಷದ ಮಕ್ಕಳನ್ನ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತ. ಈಗ ಓದಿದರೆ ಮೈ ಜುಮ್ ಅನ್ನುತ್ತೆ, ಅದು ಸುಧಾರಣೆ! ಆದರೂ ಕಾನೂನು ಅನ್ನೋದು ಒಂದಿತ್ತು. ಅಂಗಡಿಗೆ ಯಾಕೆ ಬರಲಿಲ್ಲ? ನನಗೆ ಅನ್ನಿಸೋದು ಇಷ್ಟು. ಕಾರ್ಖಾನೆಗೆ ಒಂದು ಗೇಟು, ಒಂದು ಸೈರನ್ನು, ಒಳಗೆ ಸಾವಿರ ಜನ. ಮುಷ್ಕರ ಆದರೆ ಊರಿಗೆಲ್ಲ ಗೊತ್ತಾಗುತ್ತೆ. ಅಂಗಡೀಲಿ ಇರೋದು ಇಬ್ಬರು ಮೂವರು. ಅವರು ಮುಷ್ಕರ ಮಾಡಿದರೆ ಅದಕ್ಕೆ ಮುಷ್ಕರ ಅನ್ನಲ್ಲ, ಕೆಲಸ ಬಿಟ್ಟು ಹೋದ ಅಂತಾರೆ, ಅಷ್ಟೇ.

ಇಂಗ್ಲೆಂಡಿನಲ್ಲೂ ಹಾಗೇ ಆಯ್ತು. ಅಲ್ಲಿ 1886ರ ಕಾಯ್ದೆ 18 ವರ್ಷದೊಳಗಿನ ಅಂಗಡಿ ಹುಡುಗರಿಗೆ ಮಿತಿ ಹಾಕಿತು. ಎಷ್ಟು ಗೊತ್ತಾ? ವಾರಕ್ಕೆ 74 ಗಂಟೆ. 1899ರಲ್ಲಿ ಇನ್ನೊಂದು ಕಾಯ್ದೆ ಮಾಡಿ ಅಂಗಡಿಯಲ್ಲಿ ಕೆಲಸ ಮಾಡೋ ಮೂವರು ಹೆಂಗಸರಿಗೆ ಒಂದರಂತೆ ಕೂರೋಕೆ ಆಸನ ಇಡಬೇಕು ಅಂದ್ರು. 1911ರಲ್ಲಿ ವಾರಕ್ಕೆ ಅರ್ಧ ದಿನ ರಜೆ. 1930ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂಗಡಿ, ಆಫೀಸುಗಳಿಗೂ ದಿನಕ್ಕೆ 8, ವಾರಕ್ಕೆ 48 ಗಂಟೆ ಅನ್ನೋ ಒಪ್ಪಂದ ತಂತು. ಆ 48ನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ನಮ್ಮ ಹತ್ತಿರವೂ ಬರುತ್ತೆ.

ನಮ್ಮ ದೇಶದಲ್ಲಿ ಅಂಗಡಿಗೆ ಮೊದಲು ಕೈ ಹಾಕಿದ್ದು ಬಾಂಬೆ ಪ್ರಾಂತ್ಯ. 1939, ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ. ಅಂಗಡಿ, ಆಫೀಸು ಮಾತ್ರ ಅಲ್ಲ, ಹೋಟೆಲು, ಸಿನಿಮಾ ಥಿಯೇಟರ್ ಕೂಡ ಅದರೊಳಗೆ ಬಂತು. ಮುಂಬೈಯಲ್ಲಿ ಇವತ್ತಿಗೂ ಈ ನೋಂದಣಿಗೆ ಜನ ‘ಗುಮಾಸ್ತಾ ಲೈಸೆನ್ಸ್’ ಅಂತಾನೇ ಕರೀತಾರೆ. ಗುಮಾಸ್ತರ ಹೆಸರಲ್ಲಿ ಹುಟ್ಟಿದ್ದು ಈಗ ಮಾಲೀಕರ ಲೈಸೆನ್ಸ್ ಆಗಿರೋದು ತಮಾಷೆ. ನಮಗೆ ಇದು ದೂರದ ಸುದ್ದಿ ಅಲ್ಲ. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಎಲ್ಲ ಬಾಂಬೆ ಪ್ರಾಂತ್ಯದಲ್ಲೇ ಇದ್ದವು. ಮುಂಬೈ ಊರಲ್ಲೇ ಕರಾವಳಿಯಿಂದ ಹೋದ ಕನ್ನಡ, ತುಳು ಮಾತಾಡೋ ಹುಡುಗರು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೀತಿದ್ರು, ಸಪ್ಲೈ ಮಾಡ್ತಿದ್ರು. ಅವರಿಗಾಗಿ ಅಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ರಾತ್ರಿ ಶಾಲೆಗೆ ಹೋಗಬೇಕಾದ್ರೆ ಸಂಜೆ ಕೆಲಸ ಬಿಡಬೇಕು. ಆ ಹುಡುಗನಿಗೆ ಕೆಲಸ ಮುಗಿಯೋ ಹೊತ್ತು ಅಂದ್ರೆ ಬರೀ ವಿಶ್ರಾಂತಿ ಅಲ್ಲ, ಎಸ್ಸೆಸ್ಸೆಲ್ಸಿ ಪಾಸಾಗೋ ಅವಕಾಶ.

1942ರಲ್ಲಿ ಕೇಂದ್ರ ಸರ್ಕಾರ ವಾರದ ರಜೆ ಕಾಯ್ದೆ ಅಂತ ಒಂದು ತಂತು. ಆಮೇಲೆ ಸಾಲು ಸಾಲು. 1947ರಲ್ಲಿ ಮದ್ರಾಸ್, 1948ರಲ್ಲಿ ಬಾಂಬೆಯ ಹೊಸ ಕಾಯ್ದೆ, ಅದೇ 1948ರಲ್ಲಿ ಮೈಸೂರು, 1951ರಲ್ಲಿ ಹೈದರಾಬಾದ್. ಮೈಸೂರಿನದು ಬಂದ ಸಮಯ ನೋಡಿ. 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಜನಪ್ರತಿನಿಧಿ ಸರ್ಕಾರ ಬಂತು. ಕಾನೂನು ಮತ್ತು ಕಾರ್ಮಿಕ ಖಾತೆ ಕೆ.ಟಿ. ಭಾಷ್ಯಂ ಅವರದು, ಬೆಂಗಳೂರಿನ ಕಾರ್ಮಿಕ ಸಂಘಗಳಲ್ಲಿ ಪಳಗಿದ ಮನುಷ್ಯ. ಹಾಸನ ಜಿಲ್ಲೆ, ಅದರೊಳಗೆ ನಮ್ಮ ಚನ್ನರಾಯಪಟ್ಟಣ, ದಂಡಿಗನಹಳ್ಳಿ, ಎಲ್ಲವೂ ಈ ಮೈಸೂರು ಸಂಸ್ಥಾನದ ಭಾಗ.

ಈಗ 1956ರ ನವೆಂಬರ್ 1ಕ್ಕೆ ಬನ್ನಿ. ರಾಜ್ಯ ಒಂದಾಯ್ತು. ಶಾಲೆಯಲ್ಲಿ ನಾವು ಇದನ್ನ ನಕ್ಷೆ ಬಣ್ಣ ಹಚ್ಚಿ ಓದಿದ್ದೀವಿ. ಆದರೆ ಅಂಗಡಿ ಗುಮಾಸ್ತನ ದಿನದಲ್ಲಿ ಏಕೀಕರಣ ಇನ್ನೂ ಆಗಿರಲಿಲ್ಲ. ಹಾಸನದಲ್ಲಿ ಮೈಸೂರು ಕಾಯ್ದೆ, ಹುಬ್ಬಳ್ಳಿಯಲ್ಲಿ ಬಾಂಬೆ ಕಾಯ್ದೆ, ಕಲಬುರಗಿಯಲ್ಲಿ ಹೈದರಾಬಾದ್ ಕಾಯ್ದೆ, ಮಂಗಳೂರಲ್ಲಿ ಮದ್ರಾಸ್ ಕಾಯ್ದೆ. ಒಂದೇ ರಾಜ್ಯ, ಒಂದೇ ಭಾಷೆ, ನಾಲ್ಕು ಥರದ ಕೆಲಸದ ದಿನ. ಮಂಗಳೂರಿನಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಅಂಗಡಿಕಾರರು 1960ರಲ್ಲಿ ಕೇರಳದ್ದೇ ಕಾಯ್ದೆಗೆ ಹೋದ್ರು, ಅದು ಬೇರೆ ದಾರಿ.

ಆ ಹಳೇ ಕಾಯ್ದೆಗಳನ್ನ ಓದೋದರಲ್ಲಿ ನನಗೆ ನಿಜವಾಗಿ ಖುಷಿ ಸಿಕ್ಕಿದೆ. ಯಾಕಂದ್ರೆ ಬರೆದವರು ಅಂಗಡೀನ ಹತ್ತಿರದಿಂದ ನೋಡಿದ್ದಾರೆ. ಮದ್ರಾಸ್ ಕಾಯ್ದೆಯಲ್ಲಿ ಒಂದು ಮಾತಿದೆ. ಬಾಗಿಲು ಹಾಕೋ ಹೊತ್ತಿಗೆ ಗಿರಾಕಿ ಒಳಗೆ ನಿಂತಿದ್ರೆ? ಅವರಿಗೆ ಸಾಮಾನು ಕೊಟ್ಟು ಕಳಿಸೋಕೆ ಇನ್ನು 15 ನಿಮಿಷ ಅಂತ. ರಾತ್ರಿ ಒಂಬತ್ತಕ್ಕೆ ಬಂದು ನಲವತ್ತು ಸೀರೆ ಬಿಚ್ಚಿಸೋ ಗಿರಾಕಿ 1947ರಲ್ಲೂ ಇದ್ರು ಅಂತಾಯ್ತು! ಇನ್ನು 1948ರ ಬಾಂಬೆ ಕಾಯ್ದೆಯ 18ನೇ ಸೆಕ್ಷನ್. ಅಂಗಡಿ ಮುಚ್ಚಿರೋ ದಿನ ಮಾಲೀಕ ಕೆಲಸಗಾರನನ್ನ ಅಂಗಡಿಗಾಗಲಿ ‘ಬೇರೆ ಯಾವುದೇ ಜಾಗಕ್ಕಾಗಲಿ’ ವ್ಯಾಪಾರದ ಕೆಲಸಕ್ಕೆ ಕರೆಯೋ ಹಾಗಿಲ್ಲ, ಕೆಲಸಗಾರ ಹೋಗೋ ಹಾಗೂ ಇಲ್ಲ. ಮುಂದಿನ ಬಾಗಿಲು ಹಾಕಿ ಹಿಂದಿನ ಬಾಗಿಲಲ್ಲಿ ಸ್ಟಾಕ್ ಎಣಿಸೋ ಚಾಳಿ ಅವರಿಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಅಂಗಡಿಯ ವಾಟ್ಸ್ಆಪ್ ಗ್ರೂಪಲ್ಲಿ ‘ಎಲ್ಲರೂ ಒಂದ್ಸಲ ಸ್ಟಾಕ್ ಶೀಟ್ ನೋಡಿ’ ಅಂತ ಮೆಸೇಜ್ ಬರುತ್ತಲ್ಲ, ಆ ಸೆಕ್ಷನ್ ಬರೆದವರಿಗೆ ಇದನ್ನ ತೋರಿಸಬೇಕಿತ್ತು.

ಈ ನಾಲ್ಕನ್ನೂ ಒಟ್ಟು ಮಾಡಿ ಒಂದೇ ಕಾಯ್ದೆ ಮಾಡಿದ್ದು ಬಿ.ಡಿ. ಜತ್ತಿ ಅವರು ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ. ಹೆಸರಲ್ಲಿ 1961, ಸರ್ಕಾರಿ ಕ್ರಮಸಂಖ್ಯೆಯಲ್ಲಿ 1962ರ 8ನೇ ಕಾಯ್ದೆ. ಆಗ ‘ಮೈಸೂರು’ ಕಾಯ್ದೆ, 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ‘ಕರ್ನಾಟಕ’.

ಅದರಲ್ಲಿ ಏನಿದೆ? ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದ್ರೂ ದಿನಕ್ಕೆ 10 ದಾಟಬಾರದು, ಮೂರು ತಿಂಗಳಿಗೆ ಓವರ್‌ಟೈಮ್ ಒಟ್ಟು 50 ಗಂಟೆ ದಾಟಬಾರದು, ಅದಕ್ಕೆ ಎರಡರಷ್ಟು ಕೂಲಿ. ಸತತ 5 ಗಂಟೆ ಕೆಲಸ ಆದ್ರೆ ಒಂದು ಗಂಟೆ ಬಿಡುವು. ಬಿಡುವೂ ಸೇರಿ ಬೆಳಿಗ್ಗೆ ಬಂದಾಗಿಂದ ರಾತ್ರಿ ಹೋಗೋವರೆಗೆ 12 ಗಂಟೆ ಮೀರಬಾರದು. ಈ ಕೊನೇ ಸಾಲು ಮುಖ್ಯ. ‘ಮಧ್ಯಾಹ್ನ ಮೂರು ಗಂಟೆ ಖಾಲಿ ಕೂತಿದ್ರಲ್ಲ’ ಅಂತ ಹೇಳಿ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಇರಿಸ್ಕೊಳ್ಳೋದಕ್ಕೆ ಇದು ಬೀಗ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನ ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ ಕೊಡದೆ ತೆಗೆಯೋ ಹಾಗಿಲ್ಲ.

ಇಲ್ಲಿ ಒಂದು ಸಣ್ಣ ನಷ್ಟವೂ ಆಯ್ತು, ಅದನ್ನ ಯಾರೂ ಹೇಳಲ್ಲ. ಮದ್ರಾಸ್ ಕಾಯ್ದೆಯಲ್ಲಿ ದಿನದ ಮಿತಿ 8 ಗಂಟೆ ಇತ್ತು, ಬಾಂಬೆಯದರಲ್ಲಿ 9. ಒಂದು ಮಾಡುವಾಗ 9 ಉಳೀತು. ಅಂದ್ರೆ ವಾರದ 48 ಹಾಗೇ ಇದ್ರೂ ಮಂಗಳೂರಿನ ಗುಮಾಸ್ತನ ದಿನದ ಮಿತಿ ಒಂದು ಗಂಟೆ ಉದ್ದ ಆಯ್ತು. ಒಂದುಗೂಡಿಸುವಾಗ ಕೆಲಸಗಾರನಿಗೆ ಹೆಚ್ಚು ಅನುಕೂಲ ಇರೋದನ್ನೇ ಎತ್ಕೊಬೇಕಿತ್ತು ಅಂತ ನನ್ನ ಅಭಿಪ್ರಾಯ.

ಆದರೆ 1961ರ ಕಾಯ್ದೆಯ ಜೀವ ಇರೋದು ಇವುಗಳಲ್ಲಿ ಅಲ್ಲ, ಬೇರೆ ಎರಡು ಸೆಕ್ಷನ್‌ಗಳಲ್ಲಿ. 11ನೆಯದು, ಅಂಗಡಿ ಎಷ್ಟೊತ್ತಿಗೆ ತೆಗೀಬೇಕು, ಎಷ್ಟೊತ್ತಿಗೆ ಹಾಕಬೇಕು ಅಂತ ಸರ್ಕಾರ ಹೇಳಬಹುದು. 12ನೆಯದು, ವಾರಕ್ಕೆ ಒಂದು ದಿನ ಅಂಗಡಿ ಮುಚ್ಚಬೇಕು. ಗಮನಿಸಿ, ಇವು ಮನುಷ್ಯನ ಬಗ್ಗೆ ಅಲ್ಲ, ಬಾಗಿಲಿನ ಬಗ್ಗೆ. ಯಾಕೆ ಹೀಗೆ? ಒಂದು ತಾಲ್ಲೂಕಿಗೆ ಒಬ್ಬ ಕಾರ್ಮಿಕ ನಿರೀಕ್ಷಕರು ಅಂದ್ಕೊಳ್ಳಿ. ಅವರು ಪ್ರತಿ ಅಂಗಡಿಗೆ ನುಗ್ಗಿ ಯಾರು ಎಷ್ಟೊತ್ತಿಗೆ ಬಂದ್ರು ಅಂತ ಹಾಜರಿ ಪುಸ್ತಕ ನೋಡೋಕಾಗಲ್ಲ. ಪುಸ್ತಕ ಇದ್ರೂ ಅದನ್ನ ಬರೆಯೋರು ಮಾಲೀಕರೇ. ಆದರೆ ರಸ್ತೇಲಿ ನಡ್ಕೊಂಡು ಹೋದ್ರೆ ಶಟರ್ ಇಳಿದಿದೆಯೋ ಇಲ್ವೋ ಕಾಣುತ್ತೆ. ಶಟರ್ ಸುಳ್ಳು ಹೇಳಲ್ಲ. ಎದುರು ಅಂಗಡಿಯವರೂ ಬಿಡಲ್ಲ, ‘ನಾನು ಮುಚ್ಚಿದ್ದೀನಿ, ಅವನು ಯಾಕೆ ತೆಗೆದಿದ್ದಾನೆ’ ಅಂತ ಅವರೇ ದೂರು ಕೊಡ್ತಾರೆ. ‘ಮಂಗಳವಾರ ರಜೆ’ ಅಂತ ಬೋರ್ಡ್ ಹಾಕಿ ಒಂದು ಇಡೀ ಬೀದಿ ಬಾಗಿಲು ಹಾಕ್ತಿತ್ತಲ್ಲ, ಆ ದಿನ ಹುಡುಗ ಊರಿಗೆ ಹೋಗಿ ಬರ್ತಿದ್ದ, ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾನು ಬಿ.ಕಾಂ. ಓದಿದವನು. ನಮಗೆ ಫ್ಯಾಕ್ಟರಿ ಕಾಯ್ದೆ ವಿವರವಾಗಿ ಇತ್ತು, ಇದು ಒಂದು ಪ್ಯಾರಾ. ಕ್ಲಾಸಲ್ಲಿ ಇದ್ದವರಲ್ಲಿ ಮುಂದೆ ಫ್ಯಾಕ್ಟರಿಗೆ ಹೋದವರು ಕಡಿಮೆ, ಕೌಂಟರ್ ಹಿಂದೆ ನಿಂತವರೇ ಜಾಸ್ತಿ. ನಾನೂ ಒಂದು ರಜೆಯಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಎರಡು ತಿಂಗಳು ಇದ್ದೆ. ಹಬ್ಬದ ಸೀಸನ್. ಗಿರಾಕಿ ಇಲ್ಲದಾಗಲೂ ಕೂರೋ ಹಾಗಿಲ್ಲ, ಕೂತ್ರೆ ‘ವ್ಯಾಪಾರ ಡಲ್ ಅಂತ ಕಾಣುತ್ತೆ’ ಅನ್ನೋರು. ರಾತ್ರಿ ರೂಮಿಗೆ ಬಂದು ಬಕೆಟ್ ನೀರಲ್ಲಿ ಕಾಲು ಇಟ್ಕೊಂಡು ಕೂತಿರ್ತಿದ್ವಿ. 1899ರಲ್ಲಿ ಇಂಗ್ಲೆಂಡ್ ಒಪ್ಕೊಂಡಿದ್ದನ್ನ ನಮ್ಮ ದಕ್ಷಿಣದಲ್ಲಿ ಕಾನೂನಿಗೆ ತಂದಿದ್ದು ಕೇರಳ, 2018ರಲ್ಲಿ. ಕೋಳಿಕ್ಕೋಡಿನ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿ ‘ಕೂರುವ ಹಕ್ಕು’ ಪಡೆದ್ರು. ತಮಿಳುನಾಡು 2021ರಲ್ಲಿ ತಂತು. 1961ರ ನಮ್ಮ ಕಾಯ್ದೆ ಬರೆದವರಿಗೆ ಗಡಿಯಾರ ಕಂಡಿತ್ತು, ಕಾಲು ಕಂಡಿರಲಿಲ್ಲ.

ಒಂದು ಅಡ್ಡ ಮಾತು. ಅಂಗಡಿ ಬೋರ್ಡ್ ಕನ್ನಡದಲ್ಲಿ ಇರಬೇಕು ಅನ್ನೋ ಜಗಳ ಇದೆಯಲ್ಲ, ಈಗ 2024ರ ತಿದ್ದುಪಡಿಯಿಂದ ಶೇ. 60 ಕನ್ನಡ ಅನ್ನೋದು ಬಂತಲ್ಲ, ಅದಕ್ಕೂ ಮುಂಚೆ ಆ ನಿಯಮ ಎಲ್ಲಿತ್ತು ಗೊತ್ತಾ? ಇದೇ ಕಾಯ್ದೆಯ ನಿಯಮಾವಳಿಯಲ್ಲಿ, 24-ಎ ಅಂತ. ಬೋರ್ಡಿನ ನಿಯಮ ಎಲ್ಲರಿಗೂ ಗೊತ್ತಾಯ್ತು, ಬೋರ್ಡಿನ ಕೆಳಗೆ ನಿಂತವರದ್ದು ಗೊತ್ತಾಗಲಿಲ್ಲ.

ಸರಿ, ಮುಂದಕ್ಕೆ. ಮೂಲ ಕಾಯ್ದೆಯ 25ನೇ ಸೆಕ್ಷನ್ ಹೆಂಗಸರಿಗೆ, 18 ತುಂಬದವರಿಗೆ ರಾತ್ರಿ ಕೆಲಸ ಬೇಡ ಅಂದಿತ್ತು. ಬೆಂಗಳೂರಿಗೆ ಕಾಲ್ ಸೆಂಟರ್ ಬಂದಾಗ ಇದು ಅಡ್ಡ ಬಂತು, ಅಮೆರಿಕದ ಹಗಲು ನಮಗೆ ರಾತ್ರಿ. 2002ರಲ್ಲಿ ತಿದ್ದುಪಡಿ ಮಾಡಿ ಐಟಿ ವಲಯಕ್ಕೆ ಷರತ್ತಿನ ಮೇಲೆ ವಿನಾಯಿತಿ ಕೊಟ್ರು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಬ್ಬ ಬಿಪಿಒ ಉದ್ಯೋಗಿ ಹೆಣ್ಣುಮಗಳು ರಾತ್ರಿ ಪಾಳಿಗೆ ಕ್ಯಾಬ್ ಹತ್ತಿ ಹೋದವರು ಕೊಲೆಯಾದ್ರು. ಆಗ ಕಂಪನಿ ಮುಖ್ಯಸ್ಥರ ಮೇಲೆ ಮೊಕದ್ದಮೆ ಹೂಡಿದ್ದು ಇದೇ ಅಂಗಡಿ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿ. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯ್ತು, 2008ರಲ್ಲಿ ಮೊಕದ್ದಮೆ ರದ್ದು ಮಾಡೋಕೆ ಕೋರ್ಟ್ ಒಪ್ಪಲಿಲ್ಲ. ಪೊಟ್ಟಣ ಕಟ್ಟೋ ಹುಡುಗನಿಗಾಗಿ ಬರೆದ ಕಾಯ್ದೆ ಕಾಲ್ ಸೆಂಟರಿನ ಕ್ಯಾಬಿಗೂ ಬೇಕಾಯ್ತು. 2020ರ ತಿದ್ದುಪಡಿಯಲ್ಲಿ ಎಲ್ಲ ಅಂಗಡಿ, ಸಂಸ್ಥೆಗಳಲ್ಲೂ ಹೆಂಗಸರು ಒಪ್ಪಿದ್ರೆ ರಾತ್ರಿ ಕೆಲಸ ಮಾಡಬಹುದು, ಸಾರಿಗೆ, ಭದ್ರತೆ ಕೊಡಬೇಕು ಅಂತಾಯ್ತು.

ದೊಡ್ಡ ತಿರುವು 2021ರ ಜನವರಿಯಲ್ಲಿ. 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಅಂಗಡಿಗಳು ದಿನದ 24 ಗಂಟೆ, ವಾರದ ಏಳೂ ದಿನ ತೆಗೆದಿರಬಹುದು ಅಂತ ಸರ್ಕಾರ ಮೂರು ವರ್ಷಕ್ಕೆ ಆದೇಶ ಮಾಡ್ತು. ಕೋವಿಡ್‌ನಿಂದ ವ್ಯಾಪಾರ ಬಿದ್ದಿದ್ದ ಕಾಲ. ಆದೇಶದಲ್ಲಿ ಕೆಲಸಗಾರರ ಪರ ಷರತ್ತುಗಳೂ ಇದ್ದವು. ಸರದಿ ಮೇಲೆ ಪ್ರತಿಯೊಬ್ಬರಿಗೂ ವಾರಕ್ಕೆ ಒಂದು ರಜೆ, ಇವತ್ತು ಯಾರು ರಜೆ ಅಂತ ಬೋರ್ಡಲ್ಲಿ ಹಾಕಬೇಕು, ಓವರ್‌ಟೈಮ್ ದುಡ್ಡೂ ಸೇರಿ ಸಂಬಳ ಬ್ಯಾಂಕ್ ಖಾತೆಗೆ ಹಾಕಬೇಕು. ಕಾಗದದಲ್ಲಿ ಒಪ್ಪಬಹುದಾದದ್ದೇ. ಅಂಗಡಿ ರಾತ್ರಿಯಿಡೀ ತೆಗೆದಿದ್ರೆ ಮೂರು ಪಾಳಿ ಜನ ಬೇಕು, ಕೆಲಸ ಹೆಚ್ಚುತ್ತೆ ಅನ್ನೋ ವಾದವೂ ಸುಳ್ಳಲ್ಲ. ಹೊಸ ಲೆಕ್ಕ ಪೂರ್ತಿ ಮನುಷ್ಯನ ಗಂಟೆಗಳ ಮೇಲೆ ನಿಂತಿದೆ, ತತ್ವದಲ್ಲಿ ಅದೇ ಸರಿ. ಆದರೆ ಶಟರ್ ಅನ್ನೋ ಸಾಕ್ಷಿ ಹೋಯ್ತು. ತೆಗೆದಿರೋ ಬಾಗಿಲು ಈಗ ತಪ್ಪಲ್ಲ. ಒಳಗೆ ನಿಂತವನು ಎಂಟನೇ ಗಂಟೆಯಲ್ಲಿದ್ದಾನೋ ಹದಿಮೂರನೇ ಗಂಟೆಯಲ್ಲಿದ್ದಾನೋ ರಸ್ತೆಯಿಂದ ಕಾಣಲ್ಲ.

2025ರಲ್ಲಿ ಕಾರ್ಮಿಕ ಇಲಾಖೆ ಗಂಟೆಗಳನ್ನೇ ಮುಟ್ಟೋ ಪ್ರಸ್ತಾವ ತಂತು. ದಿನದ 9 ಅನ್ನೋದು 10, ಓವರ್‌ಟೈಮ್ ಸೇರಿ 10 ಇದ್ದಿದ್ದು 12, ಮೂರು ತಿಂಗಳ ಓವರ್‌ಟೈಮ್ 50 ಇದ್ದಿದ್ದು 144. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಬೀದಿಗಿಳಿದು ವಿರೋಧಿಸ್ತು. ಸುದ್ದಿಯಲ್ಲೆಲ್ಲ ಐಟಿಯವರದ್ದೇ ಮುಖ. ಆದರೆ ಆ ಕಾಯ್ದೆ ಬದಲಾದ್ರೆ ಹಾಸನದ ಚಪ್ಪಲಿ ಅಂಗಡಿಯವನಿಗೂ ಬದಲಾಗುತ್ತೆ, ಅವನ ಪರ ಮಾತಾಡೋ ಸಂಘ ಮಾತ್ರ ಕಾಣಲಿಲ್ಲ. ಗುಮಾಸ್ತರು ಮುಷ್ಕರ ಮಾಡಿದರೆ ಕೆಲಸ ಬಿಟ್ಟು ಹೋದ ಅಂತಾರೆ ಅಂದೆನಲ್ಲ, ಆ ಪರಿಸ್ಥಿತಿ ಅಲ್ಲೇ ಇದೆ. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೇ ಕಾಯ್ದೆಗಳನ್ನ ನುಂಗಿದ್ರೂ ಅವು ಕೇಂದ್ರದ ಕಾಯ್ದೆಗಳು. ಅಂಗಡಿ ಕಾಯ್ದೆ ರಾಜ್ಯದ್ದು, ಹಾಗೇ ಉಳಿದಿದೆ.

ಈಗ ದಂಡಿಗನಹಳ್ಳಿ ಕಡೆಯಿಂದ ಬಂದು ತಾಲ್ಲೂಕು ಪೇಟೆಯ ಒಂದು ಅಂಗಡಿಗೆ ಸೇರಿದ ಹುಡುಗಿಯನ್ನ ಕಲ್ಪಿಸ್ಕೊಳ್ಳಿ. ಅಲ್ಲಿ ಇರೋದು ಮೂರೇ ಜನ. 2021ರ ಆದೇಶ ಅವಳಿಗಲ್ಲ, 10 ಜನ ಇಲ್ಲ. ಅವಳಿಗೆ ಅನ್ವಯ ಆಗೋದು ಹಳೇ 1961ರ ಲೆಕ್ಕವೇ: 9, 48, ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ. ಸಂಬಳ ಕೈಯಲ್ಲಿ, ಹಾಜರಿ ಬಾಯಲ್ಲಿ. ಮಾಲೀಕರು ಕೆಟ್ಟವರೇ ಆಗಿರಬೇಕಿಲ್ಲ. ಅವರೂ ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಅಲ್ಲೇ ನಿಂತಿರ್ತಾರೆ, ಆನ್‌ಲೈನ್ ವ್ಯಾಪಾರದ ಜೊತೆ ಗುದ್ದಾಡ್ತಿರ್ತಾರೆ. ಆದರೆ ಅವರ ಹದಿಮೂರು ಗಂಟೆಯ ಲಾಭ ಅವರ ಗಲ್ಲಾಪೆಟ್ಟಿಗೆಗೆ ಹೋಗುತ್ತೆ, ಅವಳ ಹದಿಮೂರು ಗಂಟೆಯದ್ದೂ ಅಲ್ಲಿಗೇ ಹೋಗುತ್ತೆ.

ಕೇಳುಗರು ಯಾವಾಗಲೂ ಕೇಳ್ತೀರಿ, ‘ಸರಿ ಬ್ರೋ, ನಾನೇನು ಮಾಡ್ಲಿ’ ಅಂತ. ನಾಳೆಯೇ ಹೋಗಿ ಜಗಳ ಆಡಿ ಅಂತ ನಾನು ಹೇಳಲ್ಲ, ಬಾಡಿಗೆ ನಿಮ್ಮದು, ನನ್ನದಲ್ಲ. ಆದರೆ ಈ ಕಾಯ್ದೆಗೆ ಆಮೇಲೆ ಸೇರಿಸಿದ ಒಂದು ಅಂಶ ಇದೆ, ಕೆಲಸಕ್ಕೆ ಸೇರಿದ 30 ದಿನದೊಳಗೆ ಮಾಲೀಕರು ನೇಮಕಾತಿ ಆದೇಶ ಕೊಡಬೇಕು. ‘ನಮೂನೆ ಕ್ಯೂ’ ಅಂತಾರೆ. ಒಂದು ಹಾಳೆ. ನಿಮ್ಮ ಹೆಸರು, ಯಾವ ತಾರೀಖು ಸೇರಿದ್ರಿ, ಏನು ಕೆಲಸ, ಎಷ್ಟು ಸಂಬಳ. ಹೊಸದಾಗಿ ಸೇರುವಾಗ ಇದನ್ನ ಕೇಳೋದು ಸುಲಭ, ಬ್ಯಾಂಕಿಗೆ ಬೇಕು ಅಂತಾದ್ರೂ ಹೇಳಿ. ಕೊಡಲಿಲ್ಲ ಅಂದ್ರೆ ಸೇರಿದ ದಿನ ‘ಇವತ್ತಿಂದ ಬಂದೆ ಅಣ್ಣ’ ಅಂತ ಮಾಲೀಕರಿಗೇ ಒಂದು ವಾಟ್ಸ್ಆಪ್ ಮೆಸೇಜ್ ಹಾಕಿ, ಡಿಲೀಟ್ ಮಾಡಬೇಡಿ. ಸತತ ಆರು ತಿಂಗಳು ಅನ್ನೋ ಲೆಕ್ಕ ಆ ತಾರೀಖಿಂದ ಶುರುವಾಗುತ್ತೆ. ಏಳನೇ ತಿಂಗಳಲ್ಲಿ ‘ನಾಳೆಯಿಂದ ಬರಬೇಡ’ ಅಂದ್ರೆ ಕಾರ್ಮಿಕ ನಿರೀಕ್ಷಕರ ಆಫೀಸಲ್ಲಿ ಮೇಜಿನ ಆ ಕಡೆ ಕೂತವರು ಕೇಳೋ ಮೊದಲ ಪ್ರಶ್ನೆ ಅದೇ ಆಗಿರುತ್ತೆ: ಯಾವಾಗ ಸೇರಿದ್ದು, ಏನಿದೆ ದಾಖಲೆ?